ಮಿನ್ನೆಸೋಟಾದಲ್ಲಿ ಸ್ನೋಮೊಬೈಲ್: ಬೈಕಿನ ಅನುಭವ ಸಾಕಾ?
ಬೆಂಗಳೂರಲ್ಲಿ ಹತ್ತು ವರ್ಷ ಬೈಕ್ ಓಡಿಸಿದ್ದೀನಿ, ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿರುವ ಅಕ್ಕನ ಮನೆಗೆ ಹೋದಾಗ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಗಾಡಿ) ಓಡಿಸಬಹುದಾ ಅಂತ ಕೇಳಿದ್ದೀರಿ. ಓಡಿಸಿ, ಆದರೆ ಬೈಕಿನ ಅಭ್ಯಾಸವನ್ನು ನಂಬಬೇಡಿ. ನಾವು ಎಡಕ್ಕೆ ಹೋಗುವವರು. ಅಲ್ಲಿ ಟ್ರೇಲಿನಲ್ಲೂ, ಅಂದರೆ ಸ್ನೋಮೊಬೈಲ್ ಓಡಿಸುವ ಹಿಮದ ದಾರಿಯಲ್ಲೂ, ಬಲಕ್ಕೇ ಇರಬೇಕು. ವೇಗದ ಮಿತಿ ಗಂಟೆಗೆ 50 ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್. ಮೊದಲ ಸಲಕ್ಕೆ ಅದರ ಅರ್ಧವೂ ಜಾಸ್ತಿಯೇ.

ನನಗೆ ನಿಜವಾದ ಭಯ ಇರುವುದು ಹೆಪ್ಪುಗಟ್ಟಿದ ಕೆರೆಗಳದ್ದು. ಸ್ನೋಮೊಬೈಲ್ ಹೋಗಲು ಕನಿಷ್ಠ 5ರಿಂದ 7 ಇಂಚು ಗಟ್ಟಿ ಐಸ್ ಬೇಕು. ಕೆರೆ ಎಲ್ಲ ಕಡೆ ಒಂದೇ ಸಮ ಹೆಪ್ಪುಗಟ್ಟಿರುವುದಿಲ್ಲ. ನೀರು ಹರಿಯುವ ಕಡೆ, ಸೇತುವೆ ಹತ್ತಿರ ತೆಳುವಾಗಿರುತ್ತದೆ. ಮೇಲೆ ಹಿಮ ಕೂತಿದ್ದರೆ ಗೊತ್ತೇ ಆಗಲ್ಲ. ಹಾಗಾಗಿ ಜಾಗ ಬಲ್ಲ ಸ್ಥಳೀಯರಿಲ್ಲದೆ ಕೆರೆಗೆ ಇಳಿಯಲೇಬೇಡಿ. ಹೊರಡುವ ದಿನವೇ ಟ್ರೇಲ್ ತೆರೆದಿದೆಯಾ ನೋಡಿ. ಹಿಮ ಕರಗಿದರೆ ಮುಚ್ಚಿರುತ್ತಾರೆ.