ಮನೆಯ ಸ್ಥಿತಿ ಸುಧಾರಿಸಿದ ಮೇಲೂ ಬಿಪಿಎಲ್ ಕಾರ್ಡ್ ಉಳಿಸಿಕೊಳ್ಳುವುದು ಅನ್ಯಾಯವೇ?

ನೀವು ಕೊಟ್ಟಿರುವ ವಿವರ ಇಷ್ಟು: ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತಂದೆ ತಾಯಿಯ ಜೊತೆ ಒಂದೇ ಮನೆಯಲ್ಲಿದ್ದೀರಿ, ದಿನವೂ ಮೈಸೂರಿಗೆ ಹೋಗಿ ಖಾಸಗಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತೀರಿ, ತಿಂಗಳಿಗೆ ಸುಮಾರು 40,000 ರೂಪಾಯಿ ಸಂಬಳ ಬರುತ್ತದೆ, ಎರಡು ಎಕರೆ ಗದ್ದೆ ಇದೆ. ತಂದೆಯವರು ಕಷ್ಟಕಾಲದಲ್ಲಿ ಮಾಡಿಸಿದ ಬಿಪಿಎಲ್ ಕಾರ್ಡ್ ನಿಮ್ಮ ಹೆಸರೂ ಸೇರಿ ಹಾಗೆಯೇ ಉಳಿದಿದೆ. ಸೊಸೈಟಿ ಅಕ್ಕಿ ದೋಸೆ ಹಿಟ್ಟಿಗೂ ಕೋಳಿಗೂ ಆಗುತ್ತಿದೆ. ತಾಯಿಯವರ ಖಾತೆಗೆ ಗೃಹಲಕ್ಷ್ಮಿ ಹಣ ಬರುತ್ತಿದೆ. ‘ತೆರಿಗೆ ಕಟ್ಟುವವರ ದುಡ್ಡಿನಲ್ಲಿ ಬಿಟ್ಟಿ ಭಾಗ್ಯ ಅನುಭವಿಸುತ್ತಿದ್ದೀಯ’ ಎಂದು ಸಹೋದ್ಯೋಗಿಯೊಬ್ಬರು ಆಡಿದ ಮಾತು ಮನಸ್ಸಿಗೆ ನಾಟಿ, ಇವನ್ನೆಲ್ಲ ಬಿಟ್ಟುಬಿಡಬೇಕೇ ಎಂದು ಕೇಳಿದ್ದೀರಿ.

ಬಿಪಿಎಲ್ ಕಾರ್ಡನ್ನು ಬಿಡಬೇಕು, ಗೃಹಲಕ್ಷ್ಮಿಯನ್ನು ಬಿಡಬೇಕಾಗಿಲ್ಲ, ಸಹೋದ್ಯೋಗಿಯ ಮಾತನ್ನು ಅರ್ಧದಷ್ಟು ಮಾತ್ರ ಒಪ್ಪಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಮಂಡ್ಯ ಜಿಲ್ಲೆಯ ಒಂದು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ನಮ್ಮ ಸಂಘದಲ್ಲಿ ಪಡಿತರ ವಿತರಣೆಯೂ ಬೆಳೆಸಾಲ ವಿತರಣೆಯೂ ಒಂದೇ ಕಟ್ಟಡದಲ್ಲಿ ನಡೆಯುತ್ತಿದ್ದುದರಿಂದ, ಸರ್ಕಾರದ ನೆರವನ್ನು ಯಾರು ಯಾವ ಮುಖ ಹೊತ್ತು ಪಡೆಯುತ್ತಾರೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತ್ತು.

ಸರ್ಕಾರದ ನೆರವು ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬಗೆಗಳಿವೆ. ಕೆಲವನ್ನು ಸರ್ಕಾರ ತಿಳಿದೇ ಎಲ್ಲರಿಗೂ, ಅಥವಾ ಹೆಚ್ಚುಕಡಿಮೆ ಎಲ್ಲರಿಗೂ ಕೊಟ್ಟಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಹತ್ತುವ ರಾಜ್ಯದ ಹೆಂಗಸರನ್ನು ಬಡವರೇ ಶ್ರೀಮಂತರೇ ಎಂದು ಯಾರೂ ಕೇಳುವುದಿಲ್ಲ. ಅದೇ ವರ್ಷದ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಎಪಿಎಲ್ ಕುಟುಂಬದ ಯಜಮಾನಿಗೂ ಸಲ್ಲುತ್ತದೆ. ಯಜಮಾನಿಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಮಾತ್ರ ಅವರು ಹೊರಗುಳಿಯುತ್ತಾರೆ. ನಿಮ್ಮ ತಾಯಿಯವರು ಈ ನಿಯಮದೊಳಗೇ ಇದ್ದಾರೆ, ಯಾವ ಸುಳ್ಳನ್ನೂ ಹೇಳಿಲ್ಲ, ಅವರು ಪಡೆದದ್ದರಿಂದ ಇನ್ನೊಬ್ಬಳ ಹೆಸರು ಪಟ್ಟಿಯಿಂದ ಬಿದ್ದುಹೋಗಿಲ್ಲ. ಈ ಯೋಜನೆಗಳಿಗೆ ವರ್ಷಕ್ಕೆ ಇಷ್ಟು ದೊಡ್ಡ ಮೊತ್ತ ಮೀಸಲಿಡುವುದು ಸರಿಯೇ ಎಂಬ ಚರ್ಚೆ ಬೇರೆ; 2024–25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ ಹಣ ಸುಮಾರು 52,000 ಕೋಟಿ ರೂಪಾಯಿ. ಅದನ್ನು ಪ್ರಶ್ನಿಸುವುದು ಮತದಾರರಾಗಿ ನಿಮ್ಮ ಹಕ್ಕು. ಆದರೆ ಆ ಚರ್ಚೆಯ ಹೊರೆಯನ್ನು ತಾಯಿಯವರ ಪಾಸ್‌ಬುಕ್ಕಿನ ಮೇಲೆ ಹೇರುವುದರಲ್ಲಿ ಅರ್ಥವಿಲ್ಲ.

ಬಿಪಿಎಲ್ ಕಾರ್ಡ್ ಎರಡನೆಯ ಬಗೆಗೆ ಸೇರಿದ್ದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣ ಜನಸಂಖ್ಯೆಯ ಶೇ. 75 ಮತ್ತು ನಗರ ಜನಸಂಖ್ಯೆಯ ಶೇ. 50ರವರೆಗೆ ಮಾತ್ರ ಪಡಿತರ ಧಾನ್ಯ ಎಂದು ಮಿತಿ ಹಾಕಿದೆ, ಪ್ರತಿ ರಾಜ್ಯದ ಪಾಲನ್ನು ಇಂದಿಗೂ 2011ರ ಜನಗಣತಿಯ ಮೇಲೆಯೇ ಲೆಕ್ಕ ಹಾಕಲಾಗುತ್ತಿದೆ. ಸಂಖ್ಯೆಗೆ ಮಿತಿ ಇರುವ ಕಡೆ ಒಬ್ಬರು ಕೂತ ಜಾಗ ಇನ್ನೊಬ್ಬರಿಗೆ ಸಿಗುವುದಿಲ್ಲ. ನಿಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕನ್ನಂಬಾಡಿಯಲ್ಲಿ ನೀರು ಕಡಿಮೆಯಾಗಿ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ನೀರು ಬಿಡುವ ವರ್ಷ, ಮೇಲಿನ ತೂಬಿನವರು ಸರದಿ ಮುಗಿದ ಮೇಲೂ ರಾತ್ರಿ ತೂಬು ಎತ್ತಿದರೆ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಪೈರು ಒಣಗುತ್ತದೆ. ತೂಬು ಎತ್ತಿದವರು ನೀರನ್ನು ಕದ್ದೆವೆಂದು ಎಂದೂ ಒಪ್ಪುವುದಿಲ್ಲ, ತಮ್ಮ ಗದ್ದೆಯ ಪಕ್ಕದಲ್ಲೇ ಹರಿಯುತ್ತಿದ್ದ ನೀರು ಎನ್ನುತ್ತಾರೆ. ಹೊಸ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಮ್ಮ ಸಂಘಕ್ಕೆ ಬಂದು ‘ಕಾರ್ಡ್ ಬಿಟ್ರಾ ಸಾರ್’ ಎಂದು ವಿಚಾರಿಸುತ್ತಿದ್ದರು. ಗಂಡನಿಂದ ಬೇರೆಯಾಗಿ ತವರಿಗೆ ಬಂದ ಹೆಂಗಸರು, ಊರು ಬಿಟ್ಟು ಬಂದು ಆಲೆಮನೆಯಲ್ಲಿ ದುಡಿಯುವ ಕುಟುಂಬಗಳು ಅವರಲ್ಲಿ ಹೆಚ್ಚು.

ನಿಯಮದ ಪ್ರಕಾರ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಇರಬಾರದು, ಸ್ವಂತ ಬಳಕೆಯ ಕಾರು ಇರಬಾರದು. ನಿಮ್ಮ ಎರಡು ಎಕರೆ ಗದ್ದೆಯಿಂದ ತೊಂದರೆಯಿಲ್ಲ, ಆದರೆ ನಿಮ್ಮ ಸಂಬಳವೊಂದೇ ವರ್ಷಕ್ಕೆ 4.80 ಲಕ್ಷ ಆಗುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಈ 1.20 ಲಕ್ಷದ ಮಿತಿ ಇಂದಿನ ಕೂಲಿಗೆ ಹೊಂದುವುದಿಲ್ಲ. ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ 20 ದಿನ ಕೂಲಿ ಸಿಕ್ಕಿದ ಒಬ್ಬ ಗಂಡಾಳು ವರ್ಷದ ಕೊನೆಗೆ ಸರಿಯಾಗಿ ಆ ಗೆರೆಯ ಮೇಲೆ ನಿಂತಿರುತ್ತಾನೆ. ಹೆಂಡತಿ ನಾಟಿಗೆ ಹೋದರೆ ಗೆರೆ ದಾಟುತ್ತಾರೆ. ಅಂಥವರು ಆದಾಯ ಪ್ರಮಾಣಪತ್ರದಲ್ಲಿ ಕಡಿಮೆ ಬರೆಸಿದ್ದನ್ನು ನಾನು ಬಲ್ಲೆ, ಅದನ್ನು ಮೋಸವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಗೆರೆಯನ್ನು ಒಂದಡಿ ದಾಟಿದವರನ್ನೂ ನಾಲ್ಕು ಪಟ್ಟು ದಾಟಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನೀವು ಎರಡನೆಯವರು, ಮನೆಯಲ್ಲಿ ಪಡಿತರದ ಅಕ್ಕಿ ಕೋಳಿಗೆ ಹೋಗುತ್ತಿದೆ ಎಂದು ನೀವೇ ಬರೆದಿದ್ದೀರಿ.

ಅನರ್ಹರು ಪಟ್ಟಿಯಲ್ಲಿ ಉಳಿದರೆ ನಷ್ಟವಾಗುವುದು ಸರ್ಕಾರಕ್ಕೆ ತಾನೇ ಎಂದು ಅನೇಕರು ಕೇಳುತ್ತಾರೆ. ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ಪಟ್ಟಿ ಉಬ್ಬಿದಂತೆಲ್ಲ ಸರ್ಕಾರ ಜರಡಿಯನ್ನು ಬಿಗಿ ಮಾಡುತ್ತದೆ: ಆಧಾರ್ ಜೋಡಣೆ, ಇ-ಕೆವೈಸಿ, ತಿಂಗಳು ತಿಂಗಳು ಹೆಬ್ಬೆಟ್ಟು. ಈ ಜರಡಿಯಲ್ಲಿ ಸಂಬಳದಾರ ಸುಲಭವಾಗಿ ದಾಟುತ್ತಾನೆ, ಏಕೆಂದರೆ ಅವನ ಕಾಗದಪತ್ರಗಳೆಲ್ಲ ಸರಿಯಾಗಿರುತ್ತವೆ. ನಮ್ಮ ಸಂಘದಲ್ಲಿ ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆಗಳೇ ಸವೆದುಹೋದ ಅಜ್ಜಿಯೊಬ್ಬರು ಪಡಿತರಕ್ಕೆ ಬರುತ್ತಿದ್ದರು. ಯಂತ್ರದ ಗಾಜಿನ ಮೇಲೆ ಹೆಬ್ಬೆರಳಿಟ್ಟರೆ ಕೆಂಪು ದೀಪ ಬರುತ್ತಿತ್ತು. ಸೆರಗಿನಿಂದ ಬೆರಳು ಒರೆಸಿಕೊಂಡು ತೋರುಬೆರಳು, ಆಮೇಲೆ ಎಡಗೈ, ಆಮೇಲೆ ‘ನೀನೇ ಒತ್ತಪ್ಪ ಮಗಾ’ ಎಂದು ಕೈಯನ್ನೇ ನಮ್ಮ ಹುಡುಗನಿಗೆ ಕೊಡುವುದು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು, ಆಕೆ ಚೀಲವನ್ನು ಮಡಿಸಿಕೊಂಡು ಕಟ್ಟೆಯ ಮೇಲೆ ಕೂತು ಸರ್ವರ್ ಸರಿಹೋಗಲಿ ಎಂದು ಕಾಯುತ್ತಿದ್ದರು. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಅನರ್ಹ ಕಾರ್ಡುಗಳ ರದ್ದತಿ ನಡೆದಾಗಲೂ ಅರ್ಹರ ಕಾರ್ಡುಗಳು ಅದರಲ್ಲಿ ಸೇರಿಹೋಗಿ ಗದ್ದಲವೆದ್ದಿತು. ಕೊನೆಗೆ ಆದಾಯ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ತಾವಾಗಿ ಹೊರಬರಬೇಕಾದವರು ಬರದೆ ಕೂತರೆ ಹೊರದಬ್ಬುವ ಕೆಲಸ ಹೀಗೆ ಒರಟಾಗಿಯೇ ನಡೆಯುತ್ತದೆ.

ಆದರೆ ಜನ ಕಾರ್ಡ್ ಬಿಡಲು ಹಿಂಜರಿಯುವುದು ಅಕ್ಕಿಯ ಆಸೆಗಿಂತ ಹೆಚ್ಚಾಗಿ ಆಸ್ಪತ್ರೆಯ ಭಯದಿಂದ, ಆ ಭಯ ನಿಜವಾದದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.50 ಲಕ್ಷದ ಮಿತಿಯೊಳಗೆ. ಅಂದರೆ ಕಾರ್ಡಿನ ಬಣ್ಣ ಬದಲಾದ ಮಾರನೆಯ ದಿನ ತಂದೆಗೆ ಎದೆನೋವು ಬಂದರೆ ಖರ್ಚಿನ ಬಹುಪಾಲು ನಿಮ್ಮ ತಲೆಯ ಮೇಲೆ ಬರುತ್ತದೆ. ಮೆಟ್ಟಿಲುಮೆಟ್ಟಿಲಾಗಿ ಇಳಿಯಬೇಕಾದ ನೆರವನ್ನು ಒಂದೇ ಸಲಕ್ಕೆ ಕಡಿದುಹಾಕುವ ಈ ವ್ಯವಸ್ಥೆಯೇ ಜನರನ್ನು ಸುಳ್ಳಿಗೆ ದೂಡುತ್ತದೆ ಎಂಬುದು ನನ್ನ ದೂರು. ಹಾಗೆಂದು ನಿಮಗೆ ಬೇರೆ ದಾರಿಯೇ ಇಲ್ಲವೆಂದಲ್ಲ. ಕಾರ್ಖಾನೆಯಲ್ಲಿ ನಿಮಗೆ ಗುಂಪು ವಿಮೆ ಇದ್ದರೆ ತಂದೆ ತಾಯಿಯನ್ನು ಸೇರಿಸಲು ಅವಕಾಶವಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಅವರ ಹೆಸರಿಗೆ ಆರೋಗ್ಯ ವಿಮೆಯೊಂದನ್ನು ಮಾಡಿಸಿ, ಅದರ ಕಾಯುವ ಅವಧಿಯ ಷರತ್ತುಗಳನ್ನು ಓದಿಕೊಳ್ಳಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆಗೆ ನಿಮ್ಮ ಮನೆಯವರು ಅರ್ಹರೇ ಎಂದು ನಿಮ್ಮೂರ ಸಂಘದಲ್ಲಿ ಕೇಳಿ ನೋಡಿ. ನಿಮ್ಮ ಸಂಬಳದಲ್ಲಿ ಈ ಏರ್ಪಾಡು ಸಾಧ್ಯ. ಆಲೆಮನೆಯಲ್ಲಿ ದುಡಿಯುವವನ ಕೂಲಿಯಲ್ಲಿ ಸಾಧ್ಯವಿಲ್ಲ.

ಈಗ ಸಹೋದ್ಯೋಗಿಯ ಮಾತು. ಗ್ಯಾರಂಟಿ ಹಣವೆಲ್ಲ ಆದಾಯ ತೆರಿಗೆ ಕಟ್ಟುವವರ ಜೇಬಿನಿಂದ ಬಂದದ್ದು ಎಂಬ ತಿಳಿವಳಿಕೆ ಸರಿಯಲ್ಲ. ಆದಾಯ ತೆರಿಗೆಯನ್ನು ಸಂಗ್ರಹಿಸುವುದು ಕೇಂದ್ರ, ಅದರಲ್ಲೊಂದು ಪಾಲು ಮಾತ್ರ ರಾಜ್ಯಕ್ಕೆ ಬರುತ್ತದೆ. ರಾಜ್ಯದ ಸ್ವಂತ ವರಮಾನವೆಂದರೆ ಮುಖ್ಯವಾಗಿ ಜಿಎಸ್‌ಟಿಯ ಪಾಲು, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ, ಮುದ್ರಾಂಕ ಶುಲ್ಕ, ವಾಹನ ತೆರಿಗೆ ಮತ್ತು ಅಬಕಾರಿ ಸುಂಕ. ನಿಮ್ಮ ತಾಯಿ ಮೊಬೈಲಿಗೆ ರೀಚಾರ್ಜ್ ಮಾಡಿಸಿದಾಗಲೆಲ್ಲ ಶೇ. 18 ಜಿಎಸ್‌ಟಿ ಕಟ್ಟುತ್ತಾರೆ. ನಮ್ಮ ಜಿಲ್ಲೆಯ ಗಂಡಸರು ಸಂಜೆ ಹೊತ್ತು ಬಾಟಲಿಯ ಮೂಲಕ ಖಜಾನೆಗೆ ಸಲ್ಲಿಸುವ ಕಾಣಿಕೆಯಂತೂ ಸಣ್ಣದೇನಲ್ಲ. ಅದರಲ್ಲೊಂದಿಷ್ಟು ಗೃಹಲಕ್ಷ್ಮಿಯಾಗಿ ಅವರ ಹೆಂಡತಿಯರ ಖಾತೆಗೆ ಮರಳುತ್ತಿದ್ದರೆ ನನಗೆ ಅದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಸಹೋದ್ಯೋಗಿ ಹಳೆಯ ಪದ್ಧತಿಯಲ್ಲಿ ತೆರಿಗೆ ಲೆಕ್ಕ ಹಾಕುವವರಾಗಿದ್ದರೆ, ಗೃಹಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ ಪಡೆಯುತ್ತಿರಲೂಬಹುದು. ಅದಕ್ಕೆ ಯಾರೂ ಬಿಟ್ಟಿ ಭಾಗ್ಯ ಎಂದು ಹೆಸರಿಟ್ಟಿಲ್ಲ.

ಈ ಎರಡು ನಾಲಿಗೆಯ ಮಾತು ಹಳ್ಳಿಯಲ್ಲೂ ಇದೆ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಸಹಕಾರ ಸಂಘದ ಬೆಳೆಸಾಲ 5 ಲಕ್ಷದವರೆಗೆ ಶೂನ್ಯ ಬಡ್ಡಿ, 1911ರಲ್ಲಿ ಕಟ್ಟಲಾರಂಭಿಸಿದ ಅಣೆಕಟ್ಟೆಯ ನೀರು ಹೆಸರಿಗಷ್ಟೇ ಇರುವ ಕರಕ್ಕೆ ಸಿಗುತ್ತದೆ, ವರ್ಷಕ್ಕೆ 6,000 ರೂಪಾಯಿ ಕಿಸಾನ್ ಸಮ್ಮಾನ್ ಹಣ ಬೇರೆ. ಇವೆಲ್ಲ ರೈತರಿಗೆ ಸಲ್ಲಬೇಕಾದವೇ, ನನ್ನ ತಕರಾರಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಹಳೆಯ ಸಾಲ ಕಟ್ಟಿ ಅದೇ ವಾರ ಹೊಸದಾಗಿ ಎತ್ತಿ, ಆ ದುಡ್ಡನ್ನು ಕೈಬಡ್ಡಿಗೆ ಬಿಡುವವರೇ ನಮ್ಮ ಬೆಂಚಿನ ಮೇಲೆ ಕೂತು, ಪಡಿತರದ ಸಾಲಿನ ಕಡೆ ನೋಡುತ್ತ, ‘ಅಕ್ಕಿ ಕೊಟ್ಟು ಜನಾನ ಸೋಮಾರಿ ಮಾಡ್ಬುಟ್ರು, ನಾಟಿಗೆ ಆಳೇ ಸಿಗಲ್ಲ’ ಎನ್ನುತ್ತಿದ್ದರು. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 67 ರೂಪಾಯಿಯೂ ಆಗುವುದಿಲ್ಲ; ಅಷ್ಟಕ್ಕೆ ಕೆಲಸ ಬಿಟ್ಟು ಕೂರುವವರು ಎಲ್ಲೋ ಒಬ್ಬರಿರಬಹುದು. ಮನೆಯಲ್ಲಿ ಅಕ್ಕಿಯಿದೆ ಎಂಬ ಧೈರ್ಯದಿಂದ, ಕಡಿಮೆ ಕೂಲಿಗೆ ಕರೆದವರಿಗೆ ಬರುವುದಿಲ್ಲ ಎಂದು ಹೇಳಲು ಕಲಿತವರು ಹೆಚ್ಚು. ಕರೆದವರಿಗೆ ಇದು ಸೋಮಾರಿತನವಾಗಿ ಕಾಣುವುದು ಸಹಜ.

ಸಹೋದ್ಯೋಗಿಯ ಮಾತಿನಲ್ಲಿ ಒಪ್ಪಬೇಕಾದ ಅರ್ಧವೆಂದರೆ, ಅರ್ಜಿಯಲ್ಲಿ ಬರೆದದ್ದು ಇಂದಿಗೂ ನಿಜವೇ ಎಂದು ನೋಡಿಕೊಳ್ಳುವ ಹೊಣೆ ಪಡೆಯುವವರ ಮೇಲಿದೆ ಎಂಬುದು. ಕಾರ್ಡ್ ಮಾಡಿಸಿದ ದಿನ ನಿಮ್ಮ ತಂದೆಯವರು ನಿಜವನ್ನೇ ಬರೆದಿದ್ದರು, ಅಂದು ಪಡೆದ ಅಕ್ಕಿಗೆ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ನಿಮಗೆ ನೌಕರಿ ಸಿಕ್ಕಿದ ಮೇಲೆ ಅದು ನಿಜವಾಗಿ ಉಳಿದಿಲ್ಲ.

ನೆಂಟರು ನಿಮಗೆ ಇನ್ನೊಂದು ಉಪಾಯ ಹೇಳಬಹುದು: ನಿಮ್ಮ ಹೆಸರನ್ನು ಮಾತ್ರ ತೆಗೆಸಿ, ತಂದೆ ತಾಯಿಯ ಹೆಸರಿನಲ್ಲಿ ಬಿಪಿಎಲ್ ಉಳಿಸಿಕೊಳ್ಳುವುದು. ಮುಂದೆ ಮದುವೆಯಾಗಿ ಮೈಸೂರಿನಲ್ಲಿ ಬೇರೆ ಸಂಸಾರ ಹೂಡಿದರೆ ಆ ಮಾತು ಬೇರೆ. ಒಂದೇ ಒಲೆಯಲ್ಲಿ ಬೆಂದದ್ದನ್ನು ಮೂವರೂ ಉಣ್ಣುತ್ತಿರುವಾಗ ಕಾಗದದ ಮೇಲೆ ಮಾತ್ರ ಪಾಲಾಗುವುದನ್ನು ನಾನು ಒಪ್ಪಲಾರೆ. ಗೃಹಲಕ್ಷ್ಮಿ ಬಂದ ವರ್ಷ ಯಜಮಾನಿಯ ಸ್ಥಾನಕ್ಕಾಗಿ ಅತ್ತೆ ಸೊಸೆಯರು ಹೀಗೆ ಕಾರ್ಡ್ ಬೇರೆ ಮಾಡಿಸಲು ಓಡಾಡಿದ್ದನ್ನು ಸಾಕಷ್ಟು ಕಂಡಿದ್ದೇನೆ.

ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ, ಕುಟುಂಬದ ಆದಾಯ ಹೆಚ್ಚಿರುವುದರಿಂದ ಆದ್ಯತಾ (ಬಿಪಿಎಲ್) ಪಡಿತರ ಚೀಟಿಯನ್ನು ಒಪ್ಪಿಸಿ ಎಪಿಎಲ್ ಚೀಟಿ ಕೋರುತ್ತಿರುವುದಾಗಿ ಅರ್ಜಿ ಬರೆದುಕೊಡಿ. ಹೊಸ ಚೀಟಿಯಲ್ಲಿ ತಾಯಿಯವರ ಹೆಸರು ಯಜಮಾನಿಯೆಂದೇ ಇರಬೇಕು, ಇಲ್ಲದಿದ್ದರೆ ಗೃಹಲಕ್ಷ್ಮಿ ಹಣಕ್ಕೆ ತೊಡಕಾಗುತ್ತದೆ. ಅರ್ಜಿಗೆ ದಿನಾಂಕ ಸಹಿತ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಅನರ್ಹ ಕಾರ್ಡುದಾರರಿಂದ ಪಡಿತರದ ಬೆಲೆಯನ್ನು ದಂಡವಾಗಿ ವಸೂಲಿ ಮಾಡಿದ ಉದಾಹರಣೆಗಳು ರಾಜ್ಯದಲ್ಲಿವೆ, ಮುಂದೆ ಯಾರಾದರೂ ಕೇಳಿದರೆ ನೀವಾಗಿಯೇ ಒಪ್ಪಿಸಿದ ದಿನ ಯಾವುದೆಂದು ತೋರಿಸಲು ಆ ಸ್ವೀಕೃತಿಯೊಂದೇ ಆಧಾರ.