ಐಇಸಿ ನಿಷ್ಕ್ರಿಯ ಅಂತ ಗೊಂಬೆ ಪಾರ್ಸೆಲ್ ನಿಂತಿದ್ದಕ್ಕೆ

ಐಇಸಿ, ಅಂದರೆ ಆಮದು-ರಫ್ತಿಗೆ ಬೇಕಾದ ಸರ್ಕಾರಿ ಕೋಡ್, ನಿಷ್ಕ್ರಿಯವಾಗುವುದು ಹೆಚ್ಚಾಗಿ ವಾರ್ಷಿಕ ಅಪ್‌ಡೇಟ್ ತಪ್ಪಿದ್ದರಿಂದ ಆಗಿರುತ್ತದೆ. ವಿಳಾಸ, ಪ್ಯಾನ್ ಏನೂ ಬದಲಾಗಿಲ್ಲ, ಆದರೂ ಜರ್ಮನಿಗೆ ಹೊರಟ ಚನ್ನಪಟ್ಟಣದ ಗೊಂಬೆಗಳನ್ನು ಏಜೆಂಟ್ ತಡೆದರು ಅಂದಿರಿ. ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ ವಿವರ ಸರಿ ಇದೆ ಅಂತ ದೃಢಪಡಿಸಲೇಬೇಕು. 2021ರಲ್ಲಿ ಬಂದ ನಿಯಮ. ಸಣ್ಣ ವ್ಯಾಪಾರಿಗಳಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದೇ ಬೇಜಾರು.

ಮೊದಲು ಲಾಗಿನ್ ಆಗಿ ಐಇಸಿಯ ಸ್ಥಿತಿ ನೋಡಿ. ನಿಷ್ಕ್ರಿಯ ಅಂತಿದ್ದರೆ ಅಪ್‌ಡೇಟ್ ಆಯ್ಕೆ ತೆರೆಯಿರಿ, ಎಲ್ಲ ಪುಟ ಓದಿ, ಆಧಾರ್ ಒಟಿಪಿಯಿಂದ ಸಹಿ ಮಾಡಿ ಸಲ್ಲಿಸಿ. ನನಗೆ ತಡವಾಗಿದ್ದು ಇಲ್ಲೇ. ಒಟಿಪಿ ಹಳೇ ಸಿಮ್‌ಗೆ ಹೋಗುತ್ತಿತ್ತು. ಹುಡುಕಿ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿದ ಮೇಲೆ ಬಂತು. ಆಧಾರ್‌ಗೆ ಯಾವ ನಂಬರ್ ಜೋಡಿಸಿದ್ದೀರಿ ಅಂತ ಮೊದಲೇ ನೋಡಿಕೊಳ್ಳಿ.

ಸ್ಕ್ರೀನ್‌ಶಾಟ್ ಇಲ್ಲದೆ ಖಂಡಿತ ಇದೇ ಅನ್ನಲಾರೆ. ಐಇಸಿ ಸಕ್ರಿಯವಾಗಿಯೇ ಇದ್ದರೆ ಬ್ಯಾಂಕಿನ ಎಡಿ ಕೋಡ್ (ರಫ್ತಿನ ಹಣ ಬರುವ ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ) ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಬ್ಯಾಂಕಿನಿಂದ ಎಡಿ ಕೋಡ್ ಪತ್ರ ತಂದು ಅಲ್ಲಿ ಅಪ್‌ಲೋಡ್ ಮಾಡಿ. ಅಲ್ಲಿವರೆಗೆ ಪಾರ್ಸೆಲ್ ವಾಪಸ್ ತರಿಸಬೇಡಿ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಇವತ್ತೇ ಏಜೆಂಟ್‌ಗೆ ಕೇಳಿ.