ಪ್ರೊಫೆಸರ್‌ಗಳು ಉತ್ತರವನ್ನೇ ಕೊಡ್ತಿಲ್ಲ!

ಪ್ರಶ್ನೆ: ಎಂ.ಎಸ್ಸಿ. ಪ್ರಾಣಿಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಇಕಾಲಜಿಯಲ್ಲಿ (ಜೀವಿಗಳಿಗೂ ಪರಿಸರಕ್ಕೂ ಇರುವ ನಂಟಿನ ಅಧ್ಯಯನ) ಪಿಎಚ್‌.ಡಿ. ಮಾಡುವ ಆಸೆ. ಹಲವು ಲ್ಯಾಬ್‌ಗಳಿಗೆ ಮೇಲ್ ಕಳಿಸಿದರೂ ಉತ್ತರವಿಲ್ಲ. ಏನು ಮಾಡಲಿ ಸರ್?
– ಓದುಗ, ಧಾರವಾಡ

ಉತ್ತರ: ಎಲ್ಲರಿಗೂ ಒಂದೇ ಮೇಲ್ ಕಳಿಸಿದ್ದೀರಿ, ಅಲ್ವಾ? ಅಂಥವು ಅವರಿಗೆ ದಿನಾ ಬರುತ್ತವೆ. ಒಂದು ಲ್ಯಾಬ್ ಆರಿಸಿ, ಅವರ ಒಂದೆರಡು ಸಂಶೋಧನಾ ಪೇಪರ್ ಪೂರ್ತಿ ಓದಿ, ಓದುವಾಗ ನಿಮಗೆ ಹುಟ್ಟಿದ ಪ್ರಶ್ನೆಯನ್ನೇ ನಾಲ್ಕು ಸಾಲಿನಲ್ಲಿ ಬರೆಯಿರಿ. ಅಂಕಪಟ್ಟಿ ಆಮೇಲೆ.

ಫೀಲ್ಡ್ ಅನುಭವಕ್ಕೆ ದೂರ ಹೋಗಬೇಕಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಯಾವ ಬೆಳೆಗೆ ಜಾಸ್ತಿ ಇಳಿಯುತ್ತವೆ, ರೈತರು ಏನಂತಾರೆ? ಒಂದು ಸೀಸನ್ ಪೂರ್ತಿ ಎಣಿಸಿ, ಬರೆದಿಡಿ. ಹಕ್ಕಿ ಬೇಡವೆಂದರೆ ರಾಣೆಬೆನ್ನೂರಿನ ಕೃಷ್ಣಮೃಗಗಳಿವೆ.

ಜತೆಗೆ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಿರಿ. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ನಿಮ್ಮ ಹೆಸರಿಗೇ ಬರುತ್ತದೆ, ಗೈಡ್ ಹಣ ಹುಡುಕಬೇಕಿಲ್ಲ, ಹಾಗಾಗಿ ಒಪ್ಪಿಸುವುದೂ ಸುಲಭ. ಅಂಕಿಸಂಖ್ಯೆಯ ಲೆಕ್ಕಕ್ಕೆ ಆರ್ ಸಾಫ್ಟ್‌ವೇರ್ ಕಲಿಯಿರಿ, ಅದು ಉಚಿತ. ಪೋಸ್ಟ್‌ಡಾಕ್, ಅಂದರೆ ಪಿಎಚ್‌.ಡಿ. ನಂತರದ ಸಂಶೋಧನಾ ಕೆಲಸದ ಚಿಂತೆ ಈಗಲೇ ಬೇಡ.

ಇನ್ನೊಂದು, ಸೇರುವ ಮೊದಲು ಆ ಲ್ಯಾಬ್‌ನ ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಗೈಡ್ ಹೇಗೆ, ಪಿಎಚ್‌.ಡಿ. ಎಷ್ಟು ವರ್ಷ ಎಳೆಯಿತು ಅಂತ ಮುಲಾಜಿಲ್ಲದೆ ಕೇಳಿ.